ಮೊಮ್ಮಗಳಿಗೆ ಕಳಿಸಿದ ಬೆಣ್ಣೆ

ನನ್ನ ಬಲಗೈಯ ನಡುಬೆರಳು ಈಗ ಪೂರ್ತಿ ಮಡಚುವುದಿಲ್ಲ. ರೊಟ್ಟಿ ತಟ್ಟುವಾಗ ಅದೊಂದೇ ನೆಟ್ಟಗೆ ನಿಂತಿರುತ್ತದೆ. ನೋಡಿದವರು "ಏನಾಯ್ತವ್ವ ಬೆರಳಿಗೆ?" ಅಂತ ಕೇಳುತ್ತಾರೆ. ಕುರು ಆಗಿತ್ತು ಅಂದರೆ "ಇಷ್ಟೇನಾ" ಅಂತ ಮುಂದೆ ಹೋಗುತ್ತಾರೆ. ನಾನೂ ಮೊದಲು ಇಷ್ಟೇ ಅಂದುಕೊಂಡಿದ್ದೆ. ನಮ್ಮ ಕಡೆ ದನ ಕಟ್ಟಿರುವ ಹೆಂಗಸರು ಒಬ್ಬಿಬ್ಬರಲ್ಲ. ಅವರಲ್ಲಿ ಯಾರಿಗಾದರೂ ಇಂಥದ್ದು ಬಂದರೆ, ಲೋಕದಲ್ಲಿ ನನಗೊಬ್ಬಳಿಗೇ ಹೀಗಾಯಿತು ಅಂತ ಗೋಡೆ ಕಡೆ ಮುಖ ಮಾಡಿ ಮಲಗಬಾರದು. ಅದಕ್ಕೇ ಹೇಳುತ್ತಿದ್ದೇನೆ. ನನ್ನ ಬಾಯಿ ಸ್ವಲ್ಪ ಜೋರು, ಸಹಿಸಿಕೊಳ್ಳಿ.

ನಮ್ಮೂರು ಶಿಕಾರಿಪುರ ತಾಲ್ಲೂಕು, ತಾಳಗುಂದದ ಹತ್ತಿರ. ಭತ್ತ, ಮೆಕ್ಕೆಜೋಳ ಬೆಳೆಯುತ್ತೇವೆ. ಎರಡು ಆಕಳು ಕಟ್ಟಿ ಡೇರಿಗೆ ಹಾಲು ಹಾಕುತ್ತೇವೆ. ಒಂದರ ಹೆಸರು ಚಂದ್ರಿ, ಹಣೆಯ ಮೇಲೆ ಬಿಳಿ ಬೊಟ್ಟಿದೆ. ಅವಳ ಹಾಲು ಕರೆಯುವುದು ನಾನೇ. ನಮ್ಮ ಮನೆಯವರು ಕೈ ಹಾಕಿದರೆ ಕಾಲು ಝಾಡಿಸುತ್ತಾಳೆ. ಅದರಲ್ಲಿ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು ಅನ್ನಿ.

ಚಂದ್ರಿ ಕರು ಹಾಕಿದ ಮೇಲೆ ಕೆಚ್ಚಲು ಬಾವು ಬಂತು. ಒಂದು ಕಡೆ ಕಲ್ಲಿನ ಹಾಗೆ ಗಟ್ಟಿಯಾಗಿ, ಹಾಲು ಒಡೆದು ನೂಲುನೂಲಾಗಿ ಬರುತ್ತಿತ್ತು. ದನದ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು, ಮೊಲೆಯೊಳಗೆ ಏರಿಸುವ ಟ್ಯೂಬು ಬರೆದುಕೊಟ್ಟರು, ಪೂರ್ತಿ ಹಾಕಿ ಅಂತ ಹೇಳಿ ಹೋದರು. ಬಾವು ಇಳಿದ ಕೂಡಲೇ ನಾವು ನಿಲ್ಲಿಸಿದೆವು. ತಿರುಗಿ ಬಂತು. ಈ ಸಲ ಡಾಕ್ಟರನ್ನು ಯಾಕೆ ಕರೆಯಬೇಕು ಅಂತ ಅದೇ ಟ್ಯೂಬು ಅಂಗಡಿಯಿಂದ ತಂದು ನಾವೇ ಹಾಕಿದೆವು. ನಮ್ಮ ಬೀದಿಯಲ್ಲಿ ಎಲ್ಲರೂ ಮಾಡುವುದು ಇದನ್ನೇ. ಒಬ್ಬರ ಮನೆಯಲ್ಲಿ ಉಳಿದ ಟ್ಯೂಬು ಇನ್ನೊಬ್ಬರ ಕೊಟ್ಟಿಗೆಗೆ ಸಲೀಸಾಗಿ ಹೋಗುತ್ತದೆ.

ಇನ್ನೊಂದು ಅಭ್ಯಾಸವಿದೆ, ಅದನ್ನೂ ಹೇಳಿಬಿಡುತ್ತೇನೆ. ಟ್ಯೂಬಿನಲ್ಲಿ ಕೊನೆಗೆ ಒಂದಿಷ್ಟು ಔಷಧ ಉಳಿದಿರುತ್ತದಲ್ಲ, ಅದನ್ನು ಬಿಸಾಡುವುದಕ್ಕೆ ನಮಗೆ ಮನಸ್ಸಾಗುವುದಿಲ್ಲ. ಒಡೆದ ಹಿಮ್ಮಡಿಗೆ, ಸೀಳಿದ ಬೆರಳಿಗೆ, ಕುರುವಿಗೆ ಹಚ್ಚಿಕೊಳ್ಳುತ್ತೇವೆ. ನಮ್ಮತ್ತೆ ಹಚ್ಚಿಕೊಳ್ಳುತ್ತಿದ್ದರು, ನಾನೂ ಹಚ್ಚಿಕೊಂಡೆ. ದನಕ್ಕೆ ಆಗುವ ಔಷಧ ಜನಕ್ಕೆ ಯಾಕೆ ಆಗಬಾರದು? ನನ್ನ ನಡುಬೆರಳ ಉಗುರಿನ ಪಕ್ಕ ಸೀಳಿತ್ತು. ಅದೇ ಕೈಯಲ್ಲಿ ಚಂದ್ರಿಯ ಕೆಟ್ಟ ಹಾಲು ಹಿಂಡಿ ಚೆಲ್ಲುತ್ತಿದ್ದೆ, ಅದೇ ಬೆರಳಿಗೆ ಅವಳ ಔಷಧ ಸವರಿಕೊಳ್ಳುತ್ತಿದ್ದೆ.

ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ವಿಷಯ. ಮಗಳು ವೀಣಾಗೆ ದಿನ ತುಂಬುತ್ತಿತ್ತು. ಅವಳನ್ನು ಕೊಟ್ಟಿದ್ದು ಸೊರಬದ ಕಡೆ, ಕ್ಯಾಸನೂರಿನ ಹತ್ತಿರದ ಹಳ್ಳಿಗೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ನಡುಮನೆಗೆ ಸುಣ್ಣ ಹೊಡೆಸಿದ್ದೆ. ಹಳೇ ಸೀರೆ ಒಗೆದು, ಹರಿದು, ಮಗುವಿಗೆ ಬಟ್ಟೆ ಮಾಡಿಟ್ಟಿದ್ದೆ. ಕಾಲು ಚಾಚಿ ಕೂತು ಮೊಮ್ಮಗುವನ್ನು ಮಲಗಿಸಿಕೊಂಡು, ಮೈತುಂಬ ಹಸಿಬೆಣ್ಣೆ ತಿಕ್ಕಿ, ಬಿಸಿನೀರು ಹಾಕುವುದನ್ನು ಮನಸ್ಸಿನಲ್ಲೇ ಎಷ್ಟು ಸಲ ಮಾಡಿದ್ದೆನೋ. ನಮ್ಮ ಮನೆತನದಲ್ಲಿ ಮಗುವಿಗೆ ಬೆಣ್ಣೆಯೇ ಆಗಬೇಕು. ಎಣ್ಣೆ ಅಲ್ಲ.

ಬೆರಳು ಬಾತುಕೊಂಡಿತು. ಕೆಂಪಾಯಿತು, ನೇರಳೆಯಾಯಿತು. ಮೆಡಿಕಲ್ ಶಾಪಿನ ಮಾತ್ರೆ ನುಂಗಿದೆ, ಅರಿಸಿನ ಕಟ್ಟಿದೆ. ಒಂದು ಬೆಳಿಗ್ಗೆ ಮುಂಗೈ ಮೇಲೆ ಒಂದು ಕೆಂಪು ಗೆರೆ ಮೇಲಕ್ಕೆ ಹತ್ತಿತ್ತು. ಕಂಕುಳಲ್ಲಿ ಗಂಟು, ಮೈಯಲ್ಲಿ ನಡುಕ. ಚೊಂಬು ಹಿಡಿಯಲು ಆಗದೆ ನೆಲಕ್ಕೆ ಬಿಟ್ಟೆ. ನಮ್ಮ ಮನೆಯವರು ಎಮ್ಮೆ ಮೇಲೆ ಮಳೆ ಬಿದ್ದಂಥ ಮನುಷ್ಯ, ಯಾವುದಕ್ಕೂ ಅವಸರವಿಲ್ಲ. ಅವರೇ ಬೈಕಿನ ಚಾವಿ ತಗೊಂಡು "ಏಳೇ, ಶಿಕಾರಿಪುರಕ್ಕೆ ಹೋಗಾಣ" ಅಂದಾಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಶಿಕಾರಿಪುರದ ಆ ಆಸ್ಪತ್ರೆಯಲ್ಲಿ ಕಾಯುವ ಜಾಗ ಒಂದು ಉದ್ದ ವರಾಂಡ. ಫ್ಯಾನು ತಿರುಗುವ ಶಬ್ದ, ಫಿನಾಯಿಲ್ ವಾಸನೆ, ಬಾಗಿಲು ತೆಗೆದಾಗಲೆಲ್ಲ ಎಲ್ಲರೂ ತಲೆ ಎತ್ತುವುದು. ನನ್ನ ಪಕ್ಕ ಬಳ್ಳಿಗಾವಿಯ ಒಬ್ಬ ಅಜ್ಜಿ ಕೂತಿತ್ತು. ನನ್ನ ಕೈ ನೋಡಿ "ಉಗುರುಸುತ್ತು ಕಣವ್ವ, ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಡು, ಹೋಗ್ತತಿ" ಅಂತ ಧೈರ್ಯ ಹೇಳಿತು. ನಾನೂ ಅದನ್ನೇ ನಂಬಲು ತಯಾರಿದ್ದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಬೆರಳು ಕೊಯ್ದು ಕೀವು ತೆಗೆದರು, ಸ್ವಲ್ಪವನ್ನು ಪರೀಕ್ಷೆಗೆ ಶಿವಮೊಗ್ಗಕ್ಕೆ ಕಳಿಸಿದರು, ನನ್ನನ್ನು ಅಲ್ಲೇ ಮಲಗಿಸಿಕೊಂಡರು. ಡ್ರಿಪ್ಪಿನಲ್ಲಿ ಔಷಧ ಹೋಗುತ್ತಲೇ ಇತ್ತು, ಜ್ವರ ಇಳಿಯಲೇ ಇಲ್ಲ. ಬ್ಯಾಂಡೇಜು ಬಿಚ್ಚಿದಾಗ ಅವರು ಏನೂ ಮಾತಾಡದೆ ನೋಡುತ್ತಿದ್ದರು. ಬಾಯಿಗೆ ಬಂದಂತೆ ಬೈಯುವ ಡಾಕ್ಟರಾದರೂ ಪರವಾಗಿಲ್ಲ, ಹೀಗೆ ಸುಮ್ಮನೆ ನೋಡುವವರು ಇರಬಾರದು. ಹಿಂದಿನ ಸಂಜೆ ನನ್ನ ಕೈಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಹೋಗಿದ್ದರು. ಕೆಂಪು ಅದನ್ನು ದಾಟಿತ್ತು.

ಪರೀಕ್ಷೆಯ ಫಲ ಬಂದ ಮೇಲೆ ಕುರ್ಚಿ ಎಳೆದುಕೊಂಡು ನನ್ನ ಮಂಚದ ಪಕ್ಕ ಕೂತರು.

"ಅಮ್ಮ, ಮನೇಲಿ ದನ ಇದಾವಾ?"

ಇದ್ದಾವೆ ಅಂದೆ. ಕೆಚ್ಚಲು ಬಾವಿನ ಕಥೆ, ಟ್ಯೂಬಿನ ಕಥೆ ಎಲ್ಲ ಹೇಳಿದೆ.

"ನಿಮ್ಮ ಬೆರಳಲ್ಲಿರೋ ಕ್ರಿಮಿ ಸಾಮಾನ್ಯ ಔಷಧಕ್ಕೆ ಬಗ್ತಾ ಇಲ್ಲ. ಇಲ್ಲೀವರೆಗೆ ಕೊಟ್ಟಿದ್ದು ಅದಕ್ಕೆ ನೀರು ಕುಡಿದಂಗೆ. ಬೇರೆ ಔಷಧ ಇದೆ, ಶುರು ಮಾಡ್ತೀವಿ. ಹಸುವಿನ ಹಾಲನ್ನೂ ಒಂದ್ಸಲ ಪರೀಕ್ಷೆ ಮಾಡಿಸಿ."

"ಹಂಗಾದ್ರೆ ಚಂದ್ರಿಯಿಂದ ನನಗೆ ಬಂದೈತೇನ್ರಿ?"

"ಹಸುವಿಂದ ನಿಮಗೆ ಬಂತೋ, ನಿಮ್ಮ ಕೈಯಿಂದ ಹಸುವಿಗೆ ಹೋಯ್ತೋ, ಅದನ್ನ ಹೇಳಕ್ಕೆ ಬರಲ್ಲ. ಎರಡೂ ಕಡೆ ಓಡಾಡತ್ತೆ ಇದು."

ಆಮೇಲೆ ಹಾಲಿನಲ್ಲೂ ಅಂಥದ್ದೇ ಸಿಕ್ಕಿತು ಅಂತ ದನದ ಡಾಕ್ಟರು ಹೇಳಿದರು. ಆದರೆ ಆ ಗಳಿಗೆಯಲ್ಲಿ ನನಗೆ ಚಂದ್ರಿಯೂ ಬೇಡ, ಬೆರಳೂ ಬೇಡ. "ಬೆರಳು ಹೋದ್ರೆ ಹೋಗ್ಲಿ ಮೇಡಂ, ಮಗಳ ಬಾಣಂತನ ಮಾಡ್ಬೇಕು, ಯಾವಾಗ ಬಿಡ್ತೀರಿ?" ಅಂದೆ. ಅವರು ನನ್ನ ಎಡಗೈ ಹಿಡಿದುಕೊಂಡರು.

"ಗಾಯ ಪೂರ್ತಿ ಒಣಗಿ, ಇನ್ನೊಂದು ಪರೀಕ್ಷೆ ಸರಿಯಾಗಿ ಬರೋವರೆಗೂ ನೀವು ಎಳೆ ಮಗೂನ ಮುಟ್ಟಬಾರದು. ಬಾಣಂತೀನೂ ನಿಮ್ಮನೇಲಿ ಇಟ್ಕೋಬೇಡಿ. ನಿಮಗೆ ಬೆರಳಿಗೆ ಬಂತು. ಹೊಕ್ಕುಳು ಒಣಗದ ಮಗುವಿಗೆ ಬಂದ್ರೆ ಕಷ್ಟ."

ಹೇಗೆ ಕಷ್ಟ ಅಂತ ನಾನು ಕೇಳಲಿಲ್ಲ.

ಬೀಗಿತ್ತಿಗೆ ಫೋನು ಮಾಡುವುದು ಆಪರೇಷನ್ನಿಗಿಂತ ಕಷ್ಟವಾಯಿತು. ವೀಣಾಳ ಅತ್ತೆ ಸಾವಿತ್ರಮ್ಮ ಹಟದ ಹೆಂಗಸು. ಮದುವೆಯಲ್ಲಿ ಅನ್ನದ ಪಾಯಸವೋ ಶಾವಿಗೆಯೋ ಅನ್ನುವುದರಿಂದ ಹಿಡಿದು ನಮ್ಮಿಬ್ಬರಿಗೂ ಒಂದರಲ್ಲೂ ಒಮ್ಮತವಿಲ್ಲ. ಸೀಮಂತದ ದಿನವೇ "ನಮ್ಮ ಕಡೆ ಮಗಿಗೆ ಕೊಬ್ಬರಿ ಎಣ್ಣೆನೇ ಹಚ್ಚದು. ಬೆಣ್ಣೆಗೆ ಇರುವೆ ಬರ್ತಾವೆ" ಅಂತ ನಾಲ್ಕು ಜನರೆದುರು ಅಂದಿದ್ದರು. ನಾನು ಮುಖ ಊದಿಸಿಕೊಂಡಿದ್ದೆ. ಈಗ ಅವರ ಮುಂದೆ, ನನ್ನ ಕೈ ಕೆಟ್ಟಿದೆ, ಮಗಳನ್ನು ಕರೆಸಿಕೊಳ್ಳಲು ಆಗುವುದಿಲ್ಲ ಅಂತ ಹೇಳಬೇಕು. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ.

"ಅದಕ್ಕೆಂತ ಅಳದು ಮಾರಾಯ್ರೆ?" ಅಂದರು. "ಮಂಗನ ಕಾಯಿಲೆ ಊರು ನಮ್ದು. ಕಾಡಿಗೆ ಹೋಗಿ ಬಂದವ್ರು ಬಟ್ಟೆ ಬಿಚ್ಚಿ ಬಿಸಿನೀರು ಮೀಯದೆ ಮಗಿನ ಹತ್ರ ಸುಳಿಯಂಗಿಲ್ಲ. ನಮ್ಮನೆ ಯಜಮಾನ್ರಾದ್ರೂ ಅಷ್ಟೆ. ಕಾಯಿಲೆ ಪ್ರಾಣಿಯಿಂದ ಬರದು ನಮಗೇನು ಹೊಸದಾ? ಬಾಣಂತನ ಇಲ್ಲೇ ಆಗ್ತದೆ ಬಿಡಿ. ನೀವು ಹುಷಾರಾಗಿ."

ಇಷ್ಟು ಒಳ್ಳೆಯ ಮಾತಿಗೆ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇಷ್ಟು ಬೇಗ ಒಪ್ಪಿಕೊಂಡರಲ್ಲ, ಇದಕ್ಕೇ ಕಾಯುತ್ತಿದ್ದರೇನೋ ಅಂತ ಹೊಟ್ಟೆ ಉರಿಯಿತು. ಕಾಯಿಲೆ ಬಿದ್ದ ಮನಸ್ಸು ಎಷ್ಟು ಸಣ್ಣದಾಗುತ್ತದೆ ಅಂತ ಅವತ್ತು ಗೊತ್ತಾಯಿತು.

ಹೊಸ ಔಷಧ ಶುರುವಾಯಿತು. ಬೆರಳನ್ನು ಇನ್ನೊಮ್ಮೆ ಕೊಯ್ದರು. ಇದಕ್ಕೂ ಬಗ್ಗದಿದ್ದರೆ ಬೆರಳು ತೆಗೆಯಬೇಕಾದೀತು ಅಂತ ಡಾಕ್ಟರಮ್ಮ ನಮ್ಮ ಮನೆಯವರಿಗೆ ಬಾಗಿಲ ಹೊರಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಇವರು ಒಳಗೆ ಬಂದು "ಚಂದ್ರಿ ಕಾಲು ಝಾಡಿಸ್ತಿಲ್ಲ ಈಗ. ನನ್ನ ಕೈ ರೂಢಿ ಆಗೈತಿ" ಅಂದರು. ಕೈಗವಸು ಹಾಕಿಕೊಂಡು ಕರೆಯುತ್ತಿದ್ದರಂತೆ. ತಂದಿದ್ದ ಅನ್ನ ಸಾರು ಕಲಸಿ ಉಣಿಸಿದರು. ನಾನು ಕೇಳಿಸಿಕೊಂಡಿಲ್ಲದವಳ ಹಾಗೆ ಉಂಡೆ.

ಸುದ್ದಿ ಬಲು ಬೇಗ ಹರಡುತ್ತದೆ. ಅದೇ ಬಳ್ಳಿಗಾವಿಯ ಅಜ್ಜಿ, ಮಗನ ಜೊತೆ ಮತ್ತೆ ಬಂದದ್ದು, ವರಾಂಡದಲ್ಲಿ ನನ್ನನ್ನು ನೋಡಿ ಪಕ್ಕಕ್ಕೆ ಸರಿಯಿತು. "ಔಷಧ ಹಿಡೀದಿರೋ ಹುಣ್ಣಂತೆ" ಅಂತ ಮಗನಿಗೆ ಹೇಳುವುದು ಕೇಳಿಸಿತು. ಊರಲ್ಲಿ ನಮ್ಮ ಹಾಲು ಡೇರಿಗೆ ಬೇಡ ಅಂತ ಒಂದಿಬ್ಬರು ಅಂದರಂತೆ. ಚಂದ್ರಿಯ ಹಾಲನ್ನು ನಾವೇ ಆಗಲೇ ನಿಲ್ಲಿಸಿದ್ದೆವು, ಆದರೂ ಮಾತು ಮಾತೇ. ಒಬ್ಬ ನರ್ಸ್ ಹುಡುಗಿ ಮಾತ್ರ, ನನ್ನ ತಲೆ ಕಾಗೆಗೂಡಾಗಿದ್ದು ನೋಡಿ, ಕೆಲಸ ಮುಗಿಸಿ ಬಂದು ಜಡೆ ಹಾಕಿದಳು. ಕೈಗವಸು ಹಾಕಿಕೊಂಡೇ ಹಾಕಿದಳು, ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆದಳು, ಆಮೇಲೆ ನಗುತ್ತಾ ನನ್ನ ಹಣೆಗೆ ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸಿದಳು. ಹೆದರಿಕೆ ಇಲ್ಲದೆ ಹುಷಾರಾಗಿರುವುದು ಅಂದರೆ ಹೀಗೆ ಅಂತ ನನಗೆ ಅನ್ನಿಸಿತು.

ಮೊಮ್ಮಗಳು ಹುಟ್ಟಿದ್ದು ಸೊರಬದ ಆಸ್ಪತ್ರೆಯಲ್ಲಿ. ನಾನು ಫೋನಿನಲ್ಲಿ ಅವಳ ಅಳು ಕೇಳಿದೆ. ಬೆಕ್ಕಿನ ಮರಿ ಹಾಗೆ ಸಣ್ಣಗೆ. ವೀಣಾ "ಅವ್ವ, ನಿನ್ನ ಮೂಗೇ ಬಂದೈತಿ ನೋಡು" ಅಂದಳು.

ಜ್ವರ ಬಿಟ್ಟಿತು. ಬೆರಳು ಉಳಿಯಿತು. ಗಾಯಕ್ಕೆ ಪಟ್ಟಿ ಕಟ್ಟಿಕೊಂಡೇ ಮನೆಗೆ ಬಂದೆ. ಸುಣ್ಣ ಹೊಡೆಸಿದ ನಡುಮನೆ ಖಾಲಿ. ಮಡಚಿಟ್ಟ ಬಟ್ಟೆಗಳು ಹಾಗೇ ಇದ್ದವು. ಅವತ್ತು ಸಂಜೆ ಇನ್ನೊಂದು ಆಕಳ ಹಾಲಿನ ಮೊಸರನ್ನು ಕಡೆದು ಬೆಣ್ಣೆ ತೆಗೆದೆ. ಎಡಗೈಯಲ್ಲೇ ತೆಗೆದೆ, ಸೋಪು ಹಾಕಿ ತೊಳೆದ ಕೈ. ನೀರಿನಲ್ಲಿ ತೊಳೆದು ತೊಳೆದು ಮುದ್ದೆ ಮಾಡುವಾಗ ಕಣ್ಣಲ್ಲಿ ನೀರು ನಿಲ್ಲಲೇ ಇಲ್ಲ. ನನ್ನ ಕೈ ಹೋಗದಿದ್ದರೂ ನನ್ನ ಕೈಯ ಬೆಣ್ಣೆಯಾದರೂ ಆ ಮಗುವಿನ ಮೈಮೇಲೆ ಇರಲಿ ಅಂದುಕೊಂಡೆ. ಮಾರನೆಯ ದಿನ ನಮ್ಮ ಮನೆಯವರು ಸ್ಟೀಲ್ ಡಬ್ಬಿ ತಗೊಂಡು ಸೊರಬದ ಬಸ್ಸು ಹತ್ತಿದರು.

ಆಮೇಲೆ ಫೋನು ಮಾಡಿ ಬೀಗಿತ್ತಿಯನ್ನು ಕೇಳಿದೆ. "ಬೆಣ್ಣೆ ಹಚ್ತೀರೇನ್ರಿ?"

"ಹಚ್ಚದೆ ಬಿಡ್ತೀನಾ? ದಿನಾ ಹಚ್ತಾ ಇದೀನಿ. ಮಗಿನ ಮೈ ಹೆಂಗೆ ಮಿಂಚ್ತದೆ ಅಂತೀರಿ" ಅಂದರು ಸಾವಿತ್ರಮ್ಮ.

ಗೆದ್ದೆ ಅನ್ನಿಸಿತು. ಇಷ್ಟು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಗಾಯ ತೋರಿಸಲು ಮತ್ತೆ ಶಿಕಾರಿಪುರಕ್ಕೆ ಹೋದಾಗ ಡಾಕ್ಟರಮ್ಮ ಬೆರಳು ನೋಡಿ ಖುಷಿಪಟ್ಟರು. ಆಮೇಲೆ ಒಂದು ಹತ್ತಿ ಸುತ್ತಿದ ಕಡ್ಡಿ ತಂದು ನನ್ನ ಮೂಗಿನೊಳಗೆ ತಿರುಗಿಸಿದರು.

"ಬೆರಳಿನ ಕಾಯಿಲೆಗೆ ಮೂಗು ಯಾಕ್ರಿ?"

"ಈ ಕ್ರಿಮಿ ಮೂಗಲ್ಲಿ ಸುಮ್ಮನೆ ಕೂತಿರತ್ತೆ ಅಮ್ಮ. ನಮಗೆ ಏನೂ ಗೊತ್ತಾಗಲ್ಲ. ಮೂಗು ಒರೆಸಿದ ಕೈಯಲ್ಲಿ ಇನ್ನೊಬ್ಬರನ್ನ ಮುಟ್ಟಿದ್ರೆ ಅವರಿಗೆ ಹೋಗತ್ತೆ."

ನನಗೆ ಕೂತ ಸ್ಟೂಲು ಕುಸಿದ ಹಾಗಾಯಿತು. ಬೆಣ್ಣೆ ಮುದ್ದೆ ಮಾಡುವಾಗ ಅಳುತ್ತಿದ್ದೆನಲ್ಲ. ಬಲಗೈಗೆ ಪಟ್ಟಿ. ಕಣ್ಣು, ಮೂಗು ಒರೆಸಿಕೊಂಡದ್ದು ಯಾವ ಕೈಯಲ್ಲಿ? ಅದೇ ಎಡಗೈಯಲ್ಲಿ. ಒರೆಸಿಕೊಂಡು, ತಿರುಗಿ ಬೆಣ್ಣೆಗೆ ಕೈ ಹಾಕಿದ್ದು ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು. ಕಾಸದ ಬೆಣ್ಣೆ. ದಿನಾ ಹಚ್ತಾ ಇದೀನಿ ಅಂದಿದ್ದರು. ಹೊಕ್ಕುಳು ಇನ್ನೂ ಬಿದ್ದಿಲ್ಲ ಅಂತ ವೀಣಾ ಹಿಂದಿನ ದಿನ ತಾನೇ ಹೇಳಿದ್ದಳು.

ಡಾಕ್ಟರಮ್ಮನಿಗೆ ಹೇಳಿದೆ. ಅವರ ಮುಖ ಗಂಭೀರವಾಯಿತು. "ಬಂದೇಬಿಡತ್ತೆ ಅಂತಲ್ಲ. ಆದರೆ ಹಚ್ಚೋದು ಈಗಲೇ ನಿಲ್ಲಿಸಿ. ಜ್ವರ, ಗುಳ್ಳೆ, ಹೊಕ್ಕುಳ ಹತ್ರ ಕೆಂಪು, ಹಾಲು ಕುಡೀದೆ ಇರೋದು, ಏನೇ ಕಂಡ್ರೂ ತಕ್ಷಣ ಆಸ್ಪತ್ರೆಗೆ ಒಯ್ಯಕ್ಕೆ ಹೇಳಿ" ಅಂದರು.

ಫೋನು ಹಚ್ಚಿದರೆ ತಲುಪುವುದಿಲ್ಲ. ಆ ಊರಿನಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ವೀಣಾಳ ಫೋನು ಇಲ್ಲ, ಅಳಿಯನ ಫೋನು ಇಲ್ಲ, ಬೀಗಿತ್ತಿಯದಂತೂ ಕೇಳಲೇಬೇಡಿ. ಮನೆಗೂ ಹೋಗದೆ ಇಬ್ಬರೂ ಬಸ್ಸು ಹತ್ತಿದೆವು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತೇ ನಿಂತಿತು. ಡ್ರೈವರ್ ಚಹಾ ಕುಡಿಯುತ್ತಿದ್ದ. ಇಳಿದು ಹೋಗಿ ಜಗಳ ಮಾಡಲು ಎದ್ದೆ. ನಮ್ಮ ಮನೆಯವರು ಸೆರಗು ಹಿಡಿದು ಕೂರಿಸಿದರು. ಫೋನು ಮತ್ತೆ ಮತ್ತೆ ಹಚ್ಚಿದೆ. ಅವರು ತಲುಪುವ ವ್ಯಾಪ್ತಿಯಲ್ಲಿಲ್ಲ ಅಂತ ಆ ಹೆಣ್ಣುಮಗಳು ತಣ್ಣಗೆ ಹೇಳುತ್ತಲೇ ಇದ್ದಳು. ಅವಳಿಗೂ ಬೈದೆ.

"ಬೆಣ್ಣೆ ನಾನು ಒಯ್ದಿದ್ದು" ಅಂದರು ನಮ್ಮ ಮನೆಯವರು, ಕಿಟಕಿ ಕಡೆ ನೋಡುತ್ತಾ. "ತೊಡೆ ಮೇಲೆ ಇಟ್ಕಂಡು ಒಯ್ದೆ." ಅವರ ಕಣ್ಣು ತುಂಬಿದ್ದನ್ನು ಅಷ್ಟು ವರ್ಷದಲ್ಲಿ ನಾನು ನೋಡಿರಲಿಲ್ಲ. ಸೊರಬ ಬರುವ ತನಕ ನಾನು ಬರೀ ದೇವರನ್ನು ಬೇಡಿಕೊಂಡೆ. ಬೆರಳು ಬೇಕಾದರೆ ಈಗಲೂ ತಗೋ ಅಂದೆ.

ಅಲ್ಲಿಂದ ಆಟೋ ಹಿಡಿದು ಬೀಗರ ಮನೆ ಮುಟ್ಟಿದಾಗ ಅಂಗಳದಲ್ಲೇ ನಿಂತೆ. ಒಳಗೆ ಹೋಗುವ ಹಾಗಿಲ್ಲವಲ್ಲ. ಸಾವಿತ್ರಮ್ಮ ಬಾಗಿಲಿಗೆ ಬಂದರು. ನನ್ನ ಮುಖ ನೋಡಿ "ಎಂತ ಆಯ್ತು?" ಅಂದರು.

"ಮಗು ಹೆಂಗೈತಿ?"

"ಈಗ ಹಾಲು ಕುಡಿದು ಮಲಗ್ತು. ಎಂತಕ್ಕೆ?"

"ಜ್ವರ ಐತಾ? ಗುಳ್ಳೆ ಎದ್ದಾವಾ? ಆ ಬೆಣ್ಣೆ ಹಚ್ಚಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಬೆಣ್ಣೆ ಹಚ್ಚಬ್ಯಾಡ್ರಿ. ಅದರಾಗೆ ನನ್ನ ಕಾಯಿಲೆ ಇರಬಹುದಂತೆ."

ಸಾವಿತ್ರಮ್ಮ ಒಳಗೆ ಹೋದರು. ಅಡುಗೆಮನೆಯಿಂದ ಒಂದು ಗಾಜಿನ ಭರಣಿ ತಂದು ಜಗಲಿಯ ಮೇಲಿಟ್ಟರು. ಹಳದಿ ತುಪ್ಪ, ಮರಳು ಮರಳಾಗಿ ಗಟ್ಟಿಯಾಗಿತ್ತು.

"ನಿಮ್ಮ ಬೆಣ್ಣೆ ಇದೇ. ಬಂದ ದಿನವೇ ಕಾಸಿಬಿಟ್ಟೆ. ಮಗಿಗೆ ಮುಟ್ಟಿಸ್ಲೇ ಇಲ್ಲ, ಕೊಬ್ಬರಿ ಎಣ್ಣೆನೇ ಹಚ್ಚಿದ್ದು."

"ದಿನಾ ಹಚ್ತೀನಿ ಅಂದ್ರಿ?"

"ಸುಳ್ಳು ಹೇಳ್ದೆ" ಅಂದರು, ತಲೆ ತಗ್ಗಿಸಿ. "ಆಸ್ಪತ್ರೆಯಿಂದ ಬಂದವ್ರು, ಅಷ್ಟು ಆಸೆಯಿಂದ ಕಳಿಸಿದೀರಿ. ಹಚ್ಚಲ್ಲ ಅಂದ್ರೆ ನಿಮಗೆ ಬೇಜಾರಾಗ್ತದೆ. ಹಚ್ಚಕ್ಕೆ ನನಗೆ ಮನಸ್ಸಿಲ್ಲ. ನಮ್ಮ ಪದ್ಧತಿ ಅಲ್ಲ ಅದು. ಸಿಟ್ಟು ಮಾಡ್ಕಬೇಡಿ ಬೀಗ್ರೆ."

ನಾನು ಅಂಗಳದಲ್ಲೇ ಕುಕ್ಕರಿಸಿ ಕೂತು ಗೊಳೋ ಅಂತ ಅತ್ತೆ. ನಮ್ಮ ಮನೆಯವರು ಭರಣಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದರು, ನಂಬಿಕೆ ಬರದವರ ಹಾಗೆ. "ಇನ್ನೊಂದ್ಸಲ ಹೇಳ್ರಿ" ಅಂದೆ. ಅವರು ಇನ್ನೊಂದು ಸಲ ಹೇಳಿದರು, ಮುಟ್ಟಿಸ್ಲೇ ಇಲ್ಲ ಅಂತ. ಆಮೇಲೆ ವೀಣಾ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ನಾನು ಅಂಗಳದ ತುದಿಯಿಂದ ನೋಡಿದೆ. ಮೂಗು ನನ್ನದೇ.

ನನ್ನ ಮೂಗಿನ ಪರೀಕ್ಷೆಯಲ್ಲಿ ಕ್ರಿಮಿ ಇತ್ತು. ಮೂಗಿಗೆ ಹಚ್ಚುವ ಮುಲಾಮು, ಸ್ನಾನಕ್ಕೆ ಬೇರೆ ಸೋಪು ಕೊಟ್ಟರು. ಆಮೇಲಿನ ಪರೀಕ್ಷೆ ಸರಿಯಾಗಿ ಬಂತು. ಈಗ ಇಲ್ಲ ಅಂದರು, ಮತ್ತೆ ಬರುವುದೇ ಇಲ್ಲ ಅಂತ ಮಾತ್ರ ಹೇಳಲಿಲ್ಲ. ಚಂದ್ರಿಯ ಆ ಒಂದು ಮೊಲೆ ಬತ್ತಿಯೇ ಹೋಯಿತು. ಈಗ ನಮ್ಮ ಕೊಟ್ಟಿಗೆಗೆ ಡಾಕ್ಟರು ಹೇಳದ ಟ್ಯೂಬು ಬರುವುದಿಲ್ಲ, ಬೀದಿಯವರು ಬಂದು ಉಳಿದದ್ದು ಕೇಳಿದರೆ ಬೈದು ಕಳಿಸುತ್ತೇನೆ. ಹಾಲು ಕರೆಯುವುದು ನಮ್ಮ ಮನೆಯವರೇ.

ಡಾಕ್ಟರಮ್ಮ ಮುಟ್ಟಬಹುದು ಅಂದ ಮೇಲೂ ನಾನು ಮೊಮ್ಮಗಳನ್ನು ಬರಿಗೈಯಲ್ಲಿ ಮುಟ್ಟಿರಲಿಲ್ಲ. ವೀಣಾ ಮಗುವನ್ನು ಕರೆದುಕೊಂಡು ಬಂದಾಗಲೂ ಬಟ್ಟೆ ಸುತ್ತಿಯೇ ಎತ್ತಿಕೊಂಡೆ, ಮುಖ ಆಚೆ ತಿರುಗಿಸಿ ಉಸಿರಾಡಿದೆ. "ಅವ್ವ, ಸಾಕು ಮಾಡು" ಅಂತ ಅವಳು ಗದರಿದರೂ ಕೈ ಮುಂದೆ ಬರುತ್ತಿರಲಿಲ್ಲ. ಮಗು ಅಂಬೆಗಾಲು ಇಡುವ ಹೊತ್ತಿಗೆ ಮತ್ತೆ ಬಂದರು. ಒಂದು ಬೆಳಿಗ್ಗೆ ನಾನು ಅಕ್ಕಿ ಆರಿಸುತ್ತಿದ್ದೆ. ತಲೆ ಎತ್ತಿದರೆ ಮಗು ಹಿತ್ತಿಲ ಬಾಗಿಲು ದಾಟಿ ಚಂದ್ರಿಯ ಕರುವಿನ ಮುಂದೆ ಕೂತಿದೆ. ಕರು ಅವಳ ಅಂಗೈ ನೆಕ್ಕುತ್ತಿದೆ. ಅವಳು ಕಿಲಕಿಲ ನಗುತ್ತಾ ಆ ಒದ್ದೆ ಕೈಯನ್ನು ಬಾಯಿ ಹತ್ತಿರ ತರುತ್ತಿದ್ದಾಳೆ. ಮೊರ ಎಸೆದು ಓಡಿದೆ. ಎರಡೂ ಕೈಯಲ್ಲಿ ಬಾಚಿ ಎತ್ತಿಕೊಂಡು, ಆ ಪುಟ್ಟ ಮುಷ್ಟಿಯನ್ನು ನನ್ನ ಬಲಗೈಯಲ್ಲಿ ಹಿಡಿದು, ನಲ್ಲಿಯ ಹತ್ತಿರ ಹೋಗಿ ಸೋಪು ಹಾಕಿ ಬೆರಳು ಬೆರಳಿನ ಸಂದಿಯನ್ನೂ ತೊಳೆದೆ. ಅವಳು ಸೋಪಿನ ನೊರೆ ನೋಡಿ ಇನ್ನೂ ನಗುತ್ತಿದ್ದಳು. ನೊರೆಯೆಲ್ಲ ಹೋದ ಮೇಲೆ ನನ್ನ ಕೈಯಲ್ಲಿ ಬಟ್ಟೆ ಇಲ್ಲ ಅಂತ ನನಗೆ ಗೊತ್ತಾಯಿತು. ಬಿಡಲಿಲ್ಲ.